ಹೆರಿಗೆಗೆ ಮೈ ಹದ ಮಾಡಿಕೊಳ್ಳೋದು ಹೇಗೆ: ನಾಲ್ಕನೇ ತಿಂಗಳಿಂದ ನೋವು ಬರೋ ದಿನದವರೆಗೆ

ನಮ್ಮ ಮಂಡ್ಯ ಕಡೆ ಬಸುರಿ ಹೆಂಗಸಿಗೆ ಎರಡು ಥರದ ಬುದ್ಧಿ ಹೇಳುತ್ತಾರೆ. ಒಬ್ಬರು "ಎರಡು ಜೀವ ಕಣವ್ವ, ಇನ್ನೊಂದು ಮುದ್ದೆ ಹಾಕ್ಕೋ" ಅನ್ನುತ್ತಾರೆ. ಅದೇ ಜಗಲಿ ಮೇಲೆ ಕೂತ ಇನ್ನೊಬ್ಬರು "ಜಾಸ್ತಿ ತಿನ್ಬೇಡ ಮಗ, ಕೂಸು ದಪ್ಪ ಆದ್ರೆ ಹೆರಿಗೆ ಕಷ್ಟ ಆಯ್ತದೆ" ಅನ್ನುತ್ತಾರೆ. ಮೊದಲ ಸಲ ನಾನು ಎರಡನೇ ಮಾತನ್ನ ನಂಬಿದೆ. ರಾತ್ರಿ ಊಟ ಅರ್ಧ ಮಾಡಿದೆ. ಕಬ್ಬಿಣಾಂಶದ ಕೆಂಪು ಮಾತ್ರೆ ನುಂಗಿದರೆ ಬಾಯೆಲ್ಲ ತುಕ್ಕಿನ ರುಚಿ, ಹೊಟ್ಟೆ ಕಟ್ಟುತ್ತಿತ್ತು, ಜೊತೆಗೆ "ಆ ಮಾತ್ರೆ ತಿಂದ್ರೆ ಕೂಸು ಕಪ್ಪಾಗುತ್ತೆ" ಅಂತ ಪಕ್ಕದ ಮನೆಯವರು ಬೇರೆ ಹೇಳಿದ್ದರು. ಮಾತ್ರೆ ಸ್ಟ್ರಿಪ್‌ಗಳನ್ನೆಲ್ಲ ಬೀರುವಿನಲ್ಲಿ ಸೀರೆ ಕೆಳಗೆ ಇಟ್ಟುಬಿಟ್ಟೆ. ಎಂಟನೇ ತಿಂಗಳಲ್ಲಿ ರಕ್ತ ನೋಡಿದಾಗ ಹಿಮೋಗ್ಲೋಬಿನ್ 8.2 ಇತ್ತು.

ಮಗಳು ಹುಟ್ಟಿದಾಗ 2.3 ಕೆಜಿ. ಮಗು ಸಣ್ಣದಿತ್ತು, ಹೆರಿಗೆ ಸುಲಭ ಆಯ್ತಾ? ಇಲ್ಲ. ನೋವಿಗಿಂತ ಸುಸ್ತು ನನ್ನನ್ನ ಸೋಲಿಸಿತು. ಮುಕ್ಕುವ ಹೊತ್ತಿಗೆ ಕಾಲಲ್ಲಿ ಬಲ ಇರಲಿಲ್ಲ, ಕಣ್ಣು ಕತ್ತಲೆ ಬರುತ್ತಿತ್ತು. ಐದು ವರ್ಷ ಆದಮೇಲೆ ಮಗ ಹುಟ್ಟಿದ, 3.1 ಕೆಜಿ. ಆ ಸಲ ನಾನು ಹೆರಿಗೆಗೆ ಮೊದಲಿಂದ ತಯಾರಾಗಿದ್ದೆ, ನಾಲ್ಕನೇ ದಿನಕ್ಕೆ ಮನೆಯಲ್ಲಿ ಓಡಾಡಿಕೊಂಡಿದ್ದೆ. ಎರಡನೇ ಹೆರಿಗೆ ಸಾಮಾನ್ಯವಾಗಿ ಬೇಗ ಆಗುತ್ತದೆ, ಅದೂ ಒಂದು ಕಾರಣ, ಒಪ್ಪುತ್ತೇನೆ. ಆದರೆ ಎರಡೂ ಸಲದ ನನ್ನ ಮೈ ನನಗೆ ಗೊತ್ತು. ಹೆರಿಗೆ ಸುಲಭ ಆಗೋಕೆ ಮಗು ಚಿಕ್ಕದಾಗಬೇಕಿಲ್ಲ, ತಾಯಿ ಗಟ್ಟಿಯಾಗಿರಬೇಕು. ಈಗ ತಂಗಿಯ ಹೆರಿಗೆಗೂ ನಾದಿನಿಯ ಹೆರಿಗೆಗೂ ಜೊತೆಗೆ ಹೋಗಿ ಬಂದಮೇಲೆ ಇದು ಇನ್ನೂ ಖಾತ್ರಿಯಾಗಿದೆ.

ನಾನು ಡಾಕ್ಟರಲ್ಲ. ಮೈಸೂರಿನಲ್ಲಿ ಟೀಚರ್. ಇಲ್ಲಿ ಬರೆದಿರೋದರಲ್ಲಿ ಯಾವುದನ್ನೇ ಶುರು ಮಾಡುವ ಮುಂಚೆ ನಿಮ್ಮನ್ನ ನೋಡುತ್ತಿರುವ ಡಾಕ್ಟರನ್ನ ಒಂದು ಮಾತು ಕೇಳಿ. ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ಎಷ್ಟೇ ತಯಾರಿ ಮಾಡಿದರೂ ಕೆಲವರಿಗೆ ಸಿಜೇರಿಯನ್ ಬೇಕಾಗುತ್ತದೆ. ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಇದ್ದರೆ, ಮಗು ಅಡ್ಡ ಮಲಗಿದ್ದರೆ, ಬಿಪಿ ಏರಿದರೆ, ಮಗುವಿನ ಎದೆಬಡಿತ ಕುಗ್ಗಿದರೆ ನಿಮ್ಮ ನಡಿಗೆಯೂ ಆಸನವೂ ಏನೂ ಮಾಡೋಕಾಗಲ್ಲ. ಅದು ನಿಮ್ಮ ತಪ್ಪಲ್ಲ. ಗಟ್ಟಿ ಮೈ ಆಪರೇಷನ್ ಆದಮೇಲೆ ಚೇತರಿಸಿಕೊಳ್ಳೋಕೂ ಬೇಕೇ ಬೇಕು.

ಮೊದಲು ರಕ್ತ

ನಾಲ್ಕನೇ ತಿಂಗಳಿಂದ ಮಾಡಬೇಕಾದ ಮೊದಲ ಕೆಲಸ ಇದೇ. ವ್ಯಾಯಾಮದ ಬಗ್ಗೆ ಎಲ್ಲರೂ ಕೇಳುತ್ತಾರೆ, ರಕ್ತದ ಬಗ್ಗೆ ಯಾರೂ ಕೇಳಲ್ಲ. ಬಸುರಿಯಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗೆ ಹೋದರೆ ಅಪಾಯದ ಮಟ್ಟ. ಎಲ್ಲ ಸರಿಯಾಗಿ ನಡೆದ ಹೆರಿಗೆಯಲ್ಲೂ ಅರ್ಧ ಲೀಟರ್‌ವರೆಗೆ ರಕ್ತ ಹೋಗಬಹುದು. 12 ಇರುವವಳು ಅದನ್ನ ತಡೆದುಕೊಳ್ಳುತ್ತಾಳೆ. 8 ಇರುವವಳಿಗೆ ಅದೇ ಅರ್ಧ ಲೀಟರ್ ತುಂಬಾ ದುಬಾರಿ. ಮೈಯಲ್ಲಿ ರಕ್ತ ಇಲ್ಲದಿದ್ದರೆ ಗಂಟೆಗಟ್ಟಲೆ ನೋವು ತಿನ್ನೋಕೆ ಶಕ್ತಿಯೂ ಇರಲ್ಲ.

ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕನೇ ತಿಂಗಳಿಂದ ದಿನಕ್ಕೆ ಒಂದರಂತೆ ಕನಿಷ್ಠ 180 ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ. ಒಂದೊಂದರಲ್ಲೂ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ ಇರುತ್ತದೆ. ರಕ್ತ ಕಡಿಮೆ ಇದ್ದರೆ ದಿನಕ್ಕೆ ಎರಡು ಹೇಳಬಹುದು. ಕ್ಯಾಲ್ಸಿಯಂ ಮಾತ್ರೆ ಬೇರೆ, ದಿನಕ್ಕೆ ಎರಡು. ಇಲ್ಲಿ ಬಹಳ ಜನ ಎಡವುತ್ತಾರೆ. ಎರಡನ್ನೂ ಒಟ್ಟಿಗೆ ನುಂಗಿ ನೀರು ಕುಡಿದುಬಿಡುತ್ತಾರೆ. ಹಾಗೆ ಮಾಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತಲ್ಲ. ಕಾಫಿ, ಟೀ ಜೊತೆಗೂ ಅಷ್ಟೇ. ಮೈಸೂರಿನವರಿಗೆ ಬೆಳಗ್ಗೆ ಎದ್ದ ತಕ್ಷಣ ಫಿಲ್ಟರ್ ಕಾಫಿ ಬೇಕೇ ಬೇಕು, ಅದು ನನಗೂ ಗೊತ್ತು. ನಾನು ಎರಡನೇ ಸಲ ಮಾಡಿದ್ದು ಹೀಗೆ: ಬೆಳಗ್ಗೆ ತಿಂಡಿ ಆದಮೇಲೆ ಒಂದು ಕ್ಯಾಲ್ಸಿಯಂ, ರಾತ್ರಿ ಊಟ ಆದಮೇಲೆ ಇನ್ನೊಂದು. ಕಬ್ಬಿಣದ ಮಾತ್ರೆ ಹನ್ನೊಂದು ಗಂಟೆಗೆ, ಸ್ಕೂಲಿನ ಬ್ರೇಕ್ ಟೈಮಲ್ಲಿ, ಮನೆಯಿಂದ ತಂದ ನಿಂಬೆಹಣ್ಣಿನ ಪಾನಕದ ಜೊತೆ. ಹುಳಿ ಇದ್ದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಕಾಫಿಗೂ ಅದಕ್ಕೂ ಒಂದು ಗಂಟೆಗಿಂತ ಜಾಸ್ತಿ ಅಂತರ. ಕಾಫಿಯನ್ನೂ ದಿನಕ್ಕೆ ಎರಡು ಚಿಕ್ಕ ಲೋಟಕ್ಕೆ ಇಳಿಸಿದೆ.

ಮಲ ಕಪ್ಪಾಗುತ್ತದೆ, ಹೆದರಬೇಡಿ, ಅದು ಮಾತ್ರೆಯಲ್ಲಿರೋ ಕಬ್ಬಿಣದಿಂದ. ಮಗು ಕಪ್ಪಾಗಲ್ಲ. ಮಲಬದ್ಧತೆ ಆದರೆ ನೀರು ಜಾಸ್ತಿ ಕುಡಿಯಿರಿ, ಸೊಪ್ಪು ತಿನ್ನಿ, ರಾತ್ರಿ ನೆನೆಹಾಕಿದ ಒಣದ್ರಾಕ್ಷಿಯನ್ನ ಬೆಳಗ್ಗೆ ತಿನ್ನಿ. ವಾಕರಿಕೆ ಬಂದರೆ ಮಾತ್ರೆಯನ್ನ ರಾತ್ರಿ ಮಲಗುವಾಗ ತಗೊಂಡು ನೋಡಿ. ಅದೂ ಆಗದಿದ್ದರೆ ಡಾಕ್ಟರಿಗೆ ಹೇಳಿ, ಬೇರೆ ಮಾತ್ರೆ ಕೊಡುತ್ತಾರೆ, ತೀರಾ ಕಡಿಮೆ ಇದ್ದರೆ ಡ್ರಿಪ್‌ನಲ್ಲಿ ಕಬ್ಬಿಣ ಹಾಕುತ್ತಾರೆ. ದಯವಿಟ್ಟು ನನ್ನ ಥರ ಸೀರೆ ಕೆಳಗೆ ಬಚ್ಚಿಡಬೇಡಿ. ನಾಲ್ಕನೇ ತಿಂಗಳಾದಮೇಲೆ ಜಂತುಹುಳದ ಮಾತ್ರೆಯೂ ಒಂದು ಕೊಡುತ್ತಾರೆ, ಅದನ್ನ ಬಿಡಬೇಡಿ. ಹೊಟ್ಟೆಯಲ್ಲಿ ಹುಳ ಇದ್ದರೆ ತಿಂದ ಕಬ್ಬಿಣವೆಲ್ಲ ದಂಡ.

ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ, 2016ರಿಂದ ನಡೆಯುತ್ತಿದೆ. ಖಾಸಗಿಯಲ್ಲಿ ತೋರಿಸುತ್ತಿರುವವರು ಕೂಡ ತಾಯಿ ಕಾರ್ಡ್ ಮಾಡಿಸಿ ಇಟ್ಟುಕೊಳ್ಳಿ. ರಕ್ತದ ಗುಂಪು ನೆಗೆಟಿವ್ ಇದ್ದವರು 28ನೇ ವಾರದ ಹೊತ್ತಿಗೆ ಇಂಜೆಕ್ಷನ್ ಬೇಕಾ ಅಂತ ತಾವಾಗೇ ಕೇಳಬೇಕು.

ಊಟ: ಎರಡು ಪಾಲು ಬೇಡ, ಅರ್ಧ ಪಾಲೂ ಬೇಡ

ನಾಲ್ಕನೇ ತಿಂಗಳಿಂದ ದಿನಕ್ಕೆ ಸುಮಾರು 350 ಕ್ಯಾಲರಿ ಜಾಸ್ತಿ ಬೇಕು. ಅಂದರೆ ಇನ್ನೊಬ್ಬರ ಇಡೀ ಊಟ ಅಲ್ಲ. ಒಂದು ಲೋಟ ಹಾಲು, ಒಂದು ಮೊಟ್ಟೆ, ಒಂದು ಹಿಡಿ ಕಡಲೆಬೀಜ, ಅಷ್ಟೇ. ಸಾಧಾರಣ ಮೈಕಟ್ಟಿನವರು ಒಂಬತ್ತು ತಿಂಗಳಲ್ಲಿ 10ರಿಂದ 12 ಕೆಜಿ ತೂಕ ಹೆಚ್ಚಬೇಕು. ತೀರಾ ಸಣ್ಣಗಿದ್ದವರು ಇನ್ನೂ ಸ್ವಲ್ಪ ಹೆಚ್ಚಬಹುದು, ಮೊದಲೇ ದಪ್ಪ ಇದ್ದವರಿಗೆ ಇಷ್ಟು ಬೇಡ.

ನಮ್ಮ ಸೀಮೆಯ ಊಟ ಬಸುರಿಗೆ ಹೇಳಿ ಮಾಡಿಸಿದ ಹಾಗಿದೆ. ರಾಗಿಯಲ್ಲಿ 100 ಗ್ರಾಂಗೆ 350 ಮಿಲಿಗ್ರಾಂ ಆಸುಪಾಸಿನಲ್ಲಿ ಕ್ಯಾಲ್ಸಿಯಂ ಇದೆ, ಅಕ್ಕಿ ಅದರ ಹತ್ತಿರಕ್ಕೂ ಬರಲ್ಲ. ಮುದ್ದೆ ಜೊತೆ ಹುರುಳಿಕಾಳಿನ ಬಸ್ಸಾರು, ನುಗ್ಗೆಸೊಪ್ಪಿನ ಪಲ್ಯ, ಅವರೆಕಾಲದಲ್ಲಿ ಅವರೆಕಾಳು. ಕಾಳನ್ನ ಮೊಳಕೆ ಕಟ್ಟಿ ಬೇಯಿಸಿದರೆ ಇನ್ನೂ ಒಳ್ಳೇದು, ಅದರ ಸತ್ವ ಮೈಗೆ ಚೆನ್ನಾಗಿ ಹತ್ತುತ್ತದೆ. ಮೇಲೆ ಒಂದು ಹೋಳು ನಿಂಬೆಹಣ್ಣು ಹಿಂಡಿಕೊಳ್ಳಿ. ಉಪ್ಸಾರಿನ ಖಾರ ಮಾತ್ರ ಎದೆ ಉರಿ ತರುತ್ತದೆ, ಏಳನೇ ತಿಂಗಳಾದಮೇಲೆ ನನಗಂತೂ ಮುಟ್ಟೋಕಾಗಲಿಲ್ಲ. ಮಾಂಸ ತಿನ್ನುವವರು ವಾರಕ್ಕೆರಡು ಸಲ ಚೆನ್ನಾಗಿ ಬೆಂದ ಮಾಂಸ ಅಥವಾ ಮೀನು ತಿನ್ನಿ. 2017ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಮಾತೃಪೂರ್ಣ ಯೋಜನೆ ಶುರುವಾಯಿತು. ಅದರಲ್ಲಿ ಅಂಗನವಾಡಿಯಿಂದ ಬಸುರಿಯರಿಗೆ ಊಟ, ಮೊಟ್ಟೆ, ಹಾಲು ಇದೆ. ನಿಮ್ಮ ಊರಿನ ಅಂಗನವಾಡಿಯಲ್ಲಿ ಈಗ ಏನೇನು ಕೊಡುತ್ತಾರೆ ಅಂತ ಕೇಳಿ ತಗೊಳ್ಳಿ, ಅದು ನಿಮ್ಮ ಹಕ್ಕು, ನಾಚಿಕೆ ಬೇಡ.

ತುಪ್ಪ ತಿಂದರೆ ಮಗು ಜಾರಿಕೊಂಡು ಬರುತ್ತೆ ಅನ್ನೋದು ಸುಳ್ಳು. ತುಪ್ಪ ಹೊಟ್ಟೆಗೆ ಹೋಗುತ್ತದೆ, ಮಗು ಗರ್ಭಕೋಶದಲ್ಲಿದೆ, ಎರಡಕ್ಕೂ ದಾರಿ ಬೇರೆ. ರುಚಿಗೆ ಒಂದು ಚಮಚ ಹಾಕ್ಕೊಳ್ಳಿ. ಖರ್ಜೂರದ ವಿಷಯ ಬೇರೆ. ಕೊನೆಯ ನಾಲ್ಕು ವಾರ ದಿನಕ್ಕೆ ಆರು ಖರ್ಜೂರ ತಿಂದವರಿಗೆ ನೋವು ಬರಿಸುವ ಔಷಧಿ ಕಡಿಮೆ ಬೇಕಾಯಿತು ಅಂತ ಕೆಲವು ಸಣ್ಣ ಅಧ್ಯಯನಗಳಲ್ಲಿ ಕಂಡಿದೆ. ತಿನ್ನಿ, ತೊಂದರೆ ಇಲ್ಲ, ಆದರೆ ಸಕ್ಕರೆ ಕಾಯಿಲೆ ಬಂದಿದ್ದರೆ ಬೇಡ. ನೋವು ಬರಲಿ ಅಂತ ಹರಳೆಣ್ಣೆ ಕುಡಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಕೆಲವು ಮನೆಗಳಲ್ಲಿ ಇದೆ. ಬೇಡವೇ ಬೇಡ. ಭೇದಿಯಾಗಿ ಮೈಯಲ್ಲಿನ ನೀರೆಲ್ಲ ಹೋಗಿ, ಇದ್ದ ಶಕ್ತಿಯೂ ಹೆರಿಗೆಗೆ ಮುಂಚೆಯೇ ಖಾಲಿಯಾಗುತ್ತದೆ.

ನಡಿಗೆ

"ದಿನವೆಲ್ಲ ಮನೆಕೆಲಸ ಮಾಡ್ತೀನಲ್ಲ, ಅದೇ ವ್ಯಾಯಾಮ" ಅಂತ ನಾನೂ ಹೇಳುತ್ತಿದ್ದೆ. ಒಲೆ ಮುಂದೆ ಎರಡು ಗಂಟೆ ನಿಂತರೆ ಕಾಲು ಊದುತ್ತೆ, ಸೊಂಟ ಹಿಡಿಯುತ್ತೆ, ಉಸಿರಿನ ಶಕ್ತಿ ಬೆಳೆಯಲ್ಲ. ನಡಿಗೆಯಲ್ಲಿ ಬೆಳೆಯುತ್ತೆ. ವಾರಕ್ಕೆ ಒಟ್ಟು 150 ನಿಮಿಷ, ಅಂದರೆ ಐದು ದಿನ ಅರ್ಧರ್ಧ ಗಂಟೆ. ಅಭ್ಯಾಸ ಇಲ್ಲದಿದ್ದರೆ ಹತ್ತು ನಿಮಿಷದಿಂದ ಶುರು ಮಾಡಿ. ನಡೆಯುತ್ತಾ ಜೊತೆಯವರ ಹತ್ತಿರ ಮಾತಾಡೋಕೆ ಆಗಬೇಕು, ಹಾಡು ಹೇಳೋಕೆ ಆಗಬಾರದು, ಅದೇ ಸರಿಯಾದ ವೇಗ.

ಮೈಸೂರಿನಲ್ಲಿ ಇದಕ್ಕೆ ಜಾಗದ ಕೊರತೆ ಇಲ್ಲ. ಕುಕ್ಕರಹಳ್ಳಿ ಕೆರೆ ಏರಿ, ಲಿಂಗಾಂಬುಧಿ ಕೆರೆ, ಬಡಾವಣೆಗೊಂದು ಪಾರ್ಕು. ನಾನು ಕುಕ್ಕರಹಳ್ಳಿಗೆ ಬೆಳಗ್ಗೆ ಆರೂವರೆಗೆ ಹೋಗುತ್ತಿದ್ದೆ. ಎಂಟನೇ ತಿಂಗಳಿಂದ ಪೂರ್ತಿ ಸುತ್ತು ಹಾಕೋದು ಬಿಟ್ಟು, ಅರ್ಧ ಹೋಗಿ ಬೆಂಚಿನ ಮೇಲೆ ಕೂತು, ನೀರು ಕುಡಿದು ವಾಪಸ್ ಬರುತ್ತಿದ್ದೆ. ಹರಕೆ ಇದೆ ಅಂತ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವುದನ್ನ ಮುಂದಕ್ಕೆ ಹಾಕಿ, ತಾಯಿ ಕಾಯುತ್ತಾಳೆ. ಹಳ್ಳಿಯಲ್ಲಿ ಇರುವವರು ನಾಲೆ ಏರಿ ಮೇಲೆ, ಗದ್ದೆ ಬದುವಿನ ಮೇಲೆ ನಡೆಯಬೇಡಿ. ಹೊಟ್ಟೆ ದೊಡ್ಡದಾದಮೇಲೆ ಕಾಲು ಎಲ್ಲಿಡುತ್ತಿದ್ದೀವಿ ಅಂತ ಕಾಣಿಸಲ್ಲ, ಮೈಯ ತೂಕವೂ ಮುಂದಕ್ಕೆ ವಾಲಿರುತ್ತದೆ. ಸ್ಕೂಲ್ ಮೈದಾನ, ದೇವಸ್ಥಾನದ ಮುಂದಿನ ಸಮತಟ್ಟು ಜಾಗ ಸಾಕು. ನೀರಿನ ಬಿಂದಿಗೆ, ಕಬ್ಬಿನ ಹೊರೆ, ಮೇವಿನ ಹೊರೆ ಹೊರೋದು ನಡಿಗೆಗೆ ಸಮ ಅಲ್ಲ. ಅದನ್ನ ಮನೆಯವರು ತಗೊಳ್ಳಬೇಕು, ಗಂಡಂದಿರು ಓದುತ್ತಿದ್ದರೆ ಇದು ನಿಮಗೇ.

ಬೇಸಿಗೆಯಲ್ಲಿ ಮಂಡ್ಯದ ಬಿಸಿಲು ಗೊತ್ತಲ್ವಾ. ಮೈಯಲ್ಲಿ ನೀರು ಕಡಿಮೆಯಾದರೆ ಹೊಟ್ಟೆ ಆಗಾಗ ಗಟ್ಟಿಯಾಗುತ್ತದೆ. ಹತ್ತು ಗಂಟೆ ಒಳಗೆ ನಡಿಗೆ ಮುಗಿಸಿ, ಮಜ್ಜಿಗೆ, ಎಳನೀರು, ಸುಮ್ನೆ ನೀರು, ಏನಾದರೂ ಕುಡಿಯುತ್ತಲೇ ಇರಿ.

ಸೊಂಟ, ತೊಡೆ ಮತ್ತು ಕೆಳಗಿನ ಸ್ನಾಯು

ನಮ್ಮ ಅಜ್ಜಿಯವರು ಬೀಸುವ ಕಲ್ಲಿನ ಮುಂದೆ ಕೂತು, ಕುಕ್ಕರುಗಾಲಲ್ಲಿ ಕೂತು ಸೊಪ್ಪು ಸೋಸಿ, ನೆಲ ಸಾರಿಸಿ ಬೆಳೆದವರು. ನಾವು ಕುರ್ಚಿ, ಸೋಫಾ, ಕಮೋಡು, ಸ್ಕೂಟರಿನಲ್ಲೇ ದಿನ ಕಳೆಯುತ್ತೀವಿ. ಸೊಂಟದ ಕೀಲು, ತೊಡೆಯ ಸಂದಿ ಬಿಗಿದುಕೊಂಡಿರುತ್ತದೆ. ಅದಕ್ಕೇ ಇದನ್ನ ಬೇಕೂಂತಲೇ ಅಭ್ಯಾಸ ಮಾಡಬೇಕು. ದಿನಕ್ಕೆ ಹದಿನೈದು ನಿಮಿಷ ಸಾಕು.

ಶುರುವಿಗೆ ಬದ್ಧಕೋಣಾಸನ, ಚಿಟ್ಟೆ ಆಸನ ಅಂತೀವಲ್ಲ, ಅದು. ಗೋಡೆಗೆ ಬೆನ್ನು ಕೊಟ್ಟು, ಒಂದು ಮಡಿಸಿದ ಕಂಬಳಿ ಮೇಲೆ ಕೂತು, ಎರಡೂ ಅಂಗಾಲು ಜೋಡಿಸಿ. ಮಂಡಿಯನ್ನ ಕೈಯಲ್ಲಿ ಒತ್ತಬೇಡಿ, ತಾನಾಗೇ ಇಳಿಯಲಿ. ಟಿವಿ ನೋಡುತ್ತಾ ಐದು ನಿಮಿಷ ಕೂತರೂ ನಡೆಯುತ್ತದೆ.

ಆಮೇಲೆ ಬೆಕ್ಕಿನ ಆಸನ. ಕೈ, ಮಂಡಿ ಊರಿ, ಉಸಿರು ಬಿಡುತ್ತಾ ಬೆನ್ನನ್ನ ಮೇಲಕ್ಕೆ ಬಾಗಿಸಿ, ಉಸಿರು ತಗೊಳ್ಳುತ್ತಾ ಸಮ ಮಾಡಿ. ಬೆನ್ನನ್ನ ತೀರಾ ಕೆಳಕ್ಕೆ ಜಗ್ಗಬೇಡಿ, ಸೊಂಟ ನೋಯುತ್ತದೆ. ಹತ್ತು ಸಲ. ಅದೇ ಭಂಗಿಯಲ್ಲಿ ಸೊಂಟವನ್ನ ನಿಧಾನಕ್ಕೆ ಗುಂಡಗೆ ತಿರುಗಿಸಿ, ರುಬ್ಬುಗುಂಡು ತಿರುಗೋ ಹಾಗೆ. ಬೆನ್ನು ನೋವಿಗೆ ನನಗೆ ಇದರಷ್ಟು ಆರಾಮ ಯಾವುದೂ ಕೊಡಲಿಲ್ಲ, ಹೆರಿಗೆ ನೋವಿನ ಹೊತ್ತಲ್ಲೂ ಇದನ್ನೇ ಮಾಡಿದೆ.

ಕುಕ್ಕರುಗಾಲು ಹೀಗೆ. ಕಿಟಕಿ ಸರಳು ಗಟ್ಟಿಯಾಗಿ ಹಿಡಿದು, ಕಾಲು ಸೊಂಟಕ್ಕಿಂತ ಸ್ವಲ್ಪ ಅಗಲ ಇಟ್ಟು, ನಿಧಾನಕ್ಕೆ ಕೂರಿ. ಹಿಮ್ಮಡಿ ನೆಲಕ್ಕೆ ತಾಗದಿದ್ದರೆ ಅದರ ಕೆಳಗೆ ಟವೆಲ್ ಸುತ್ತಿ ಇಡಿ. ಮೊದಲ ದಿನ ಹತ್ತು ಸೆಕೆಂಡ್, ದಿನ ಕಳೆದ ಹಾಗೆ ಒಂದು ನಿಮಿಷ. ಏಳುವಾಗ ಕೈಯಿಂದ ಎಳೆದುಕೊಳ್ಳದೆ ತೊಡೆಯ ಬಲದಿಂದ ಏಳಿ, ಲಾಭ ಇರೋದೇ ಅಲ್ಲಿ. ಮಾಸು ಕೆಳಗಿದೆ ಅಂತ ಸ್ಕ್ಯಾನಿಂಗಲ್ಲಿ ಬಂದವರು, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿಸಿಕೊಂಡವರು, ರಕ್ತ ಕಂಡವರು, ತಿಂಗಳು ತುಂಬುವ ಮುಂಚೆ ನೋವು ಬಂದಿದ್ದವರು ಇದನ್ನ ಮಾಡಬಾರದು. ಕೊನೆಯ ತಿಂಗಳಲ್ಲಿ ಮಗುವಿನ ತಲೆ ಮೇಲಿದ್ದರೂ ಬೇಡ. ಮಂಡಿ ನೋವು, ತೊಡೆಸಂದಿ ಮೂಳೆ ನೋವು ಇದ್ದರೂ ಬಿಡಿ.

ಇನ್ನು ಕೆಗೆಲ್. ಮೂತ್ರ ತಡೆಹಿಡಿಯುವಾಗ ಯಾವ ಸ್ನಾಯು ಬಿಗಿಯುತ್ತದೋ ಅದನ್ನ ಐದು ಎಣಿಸೋವರೆಗೆ ಬಿಗಿದು, ಐದು ಎಣಿಸುತ್ತಾ ಬಿಡಿ. ಒಂದು ಸಲಕ್ಕೆ ಹತ್ತು, ದಿನಕ್ಕೆ ಮೂರು ಸಲ. ಮೂತ್ರ ಮಾಡುವಾಗ ಮಾತ್ರ ಇದನ್ನ ಅಭ್ಯಾಸ ಮಾಡಬೇಡಿ. ಎಲ್ಲರೂ ಬಿಗಿಯೋದನ್ನ ಕಲಿಸುತ್ತಾರೆ, ಬಿಡೋದನ್ನ ಕಲಿಸಲ್ಲ. ಮಗು ಹೊರಗೆ ಬರುವಾಗ ಬೇಕಾಗೋದು ಬಿಡೋದು. ದವಡೆ ಸಡಿಲ ಬಿಟ್ಟು, ಬಾಯಿ ಸ್ವಲ್ಪ ತೆರೆದು, ಉದ್ದಕ್ಕೆ ಉಸಿರು ಬಿಡುತ್ತಾ ಕೆಳಗೆ ಎಲ್ಲ ಸಡಿಲ ಆಗೋದನ್ನ ಗಮನಿಸಿ. ಹಲ್ಲು ಕಚ್ಚಿಕೊಂಡರೆ ಕೆಳಗೂ ಬಿಗಿಯುತ್ತದೆ, ಮಾಡಿ ನೋಡಿ, ಗೊತ್ತಾಗುತ್ತದೆ.

ಏಳನೇ ತಿಂಗಳಿಂದ ಮಲಗುವಾಗ ಪಕ್ಕಕ್ಕೆ ಮಲಗಿ, ಮಂಡಿ ನಡುವೆ ದಿಂಬು ಇಟ್ಟುಕೊಂಡು. ಅಂಗಾತ ಮಲಗಿದರೆ ಹೊಟ್ಟೆಯ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ಮಗುವಿಗೆ ರಕ್ತ ಕಡಿಮೆ ಹೋಗುತ್ತದೆ. ಮಧ್ಯರಾತ್ರಿ ಎಚ್ಚರವಾದಾಗ ಅಂಗಾತ ಇದ್ದರೆ ಗಾಬರಿ ಬೇಡ, ಸುಮ್ನೆ ತಿರುಗಿ ಮಲಗಿ.

ಉಸಿರು

ಇದನ್ನ ಪುಸ್ತಕದ ವಿಷಯ ಅಂತ ತಳ್ಳಿಹಾಕಬೇಡಿ. ಮೂಗಿಂದ ನಾಲ್ಕು ಎಣಿಸುವಷ್ಟು ಒಳಗೆ, ಬಾಯಿಂದ ಆರೋ ಎಂಟೋ ಎಣಿಸುವಷ್ಟು ಹೊರಗೆ. ಹೊರಗೆ ಬಿಡೋದು ಉದ್ದ ಇರಬೇಕು. ಅಷ್ಟೇ ವಿದ್ಯೆ. ಆದರೆ ಆರಾಮಾಗಿದ್ದಾಗ ಮಾತ್ರ ಮಾಡಿದರೆ ನೋವು ಬಂದಾಗ ನೆನಪಾಗಲ್ಲ, ಅದಕ್ಕೆ ಅಭ್ಯಾಸಕ್ಕೆ ಸ್ವಲ್ಪ ಕಷ್ಟ ಬೇಕು. ನಾನು ಫ್ರಿಜ್‌ನಿಂದ ಐಸ್ ತುಂಡು ತೆಗೆದು ಅಂಗೈಯಲ್ಲಿ ಮುಚ್ಚಿ ಹಿಡಿಯುತ್ತಿದ್ದೆ, ಒಂದು ನಿಮಿಷ. ಇಪ್ಪತ್ತು ಸೆಕೆಂಡಿಗೆ ಕೈ ಸುಡುವ ಹಾಗಾಗುತ್ತದೆ, ಬಿಟ್ಟುಬಿಡೋಣ ಅನ್ನಿಸುತ್ತದೆ. ಆಗ ಉಸಿರಿಗೆ ಬನ್ನಿ. ಹಿಡಿದ ಕೈ ಬಿಟ್ಟು ಮಿಕ್ಕ ಮೈಯೆಲ್ಲ ಸಡಿಲ ಬಿಡಿ, ಭುಜ ಇಳಿಸಿ. ಒಂದು ನಿಮಿಷ ಆದಮೇಲೆ ಐಸ್ ಕೆಳಗಿಟ್ಟು ಎರಡು ನಿಮಿಷ ಬಿಡುವು, ಮತ್ತೆ ಒಂದು ಸಲ. ಹೆರಿಗೆ ನೋವೂ ಹೀಗೇ ಅಲೆಯಾಗಿ ಬಂದು ಹೋಗುತ್ತದೆ. ಜೋರಾದ ನೋವು ಒಂದು ನಿಮಿಷದ ಆಸುಪಾಸು ಇರುತ್ತದೆ, ನಡುವೆ ಬಿಡುವು ಇರುತ್ತದೆ. ಆ ಬಿಡುವಿನಲ್ಲಿ ಮುಂದಿನ ನೋವಿಗೆ ಹೆದರುತ್ತಾ ಕೂತರೆ ಬಿಡುವು ಸಿಕ್ಕ ಹಾಗಾಗಲ್ಲ. ಮೊದಲ ಸಲ ನನಗೆ ಆಗಿದ್ದು ಅದೇ.

34 ವಾರ ಆದಮೇಲೆ: ಎಣ್ಣೆ ಹಚ್ಚೋದು

ಇದನ್ನ ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳಲ್ಲ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ. ಯೋನಿಗೂ ಗುದದ್ವಾರಕ್ಕೂ ನಡುವೆ ಇರುವ ಚರ್ಮ, ಸ್ನಾಯು ಹೆರಿಗೆಯಲ್ಲಿ ಹರಿಯಬಹುದು ಅಥವಾ ಅಲ್ಲಿ ಕತ್ತರಿಸಿ ಹೊಲಿಗೆ ಹಾಕಬಹುದು. 34, 35ನೇ ವಾರದಿಂದ ವಾರಕ್ಕೆ ಒಂದೆರಡು ಸಲ ಮಸಾಜ್ ಮಾಡಿದರೆ ಮೊದಲ ಹೆರಿಗೆಯವರಲ್ಲಿ ಹೊಲಿಗೆ ಬೀಳುವ ಸಾಧ್ಯತೆ ಕಡಿಮೆಯಾಗುತ್ತದೆ. ಉಗುರು ಕತ್ತರಿಸಿ, ಸೋಪು ಹಾಕಿ ಕೈ ತೊಳೆದುಕೊಳ್ಳಿ. ಸ್ನಾನ ಆದ ತಕ್ಷಣ ಚರ್ಮ ಮೆತ್ತಗಿರುತ್ತದೆ. ಶುದ್ಧ ಕೊಬ್ಬರಿ ಎಣ್ಣೆ ಹೆಬ್ಬೆರಳಿಗೆ ಹಚ್ಚಿ, ಮೂರು ನಾಲ್ಕು ಸೆಂಟಿಮೀಟರ್ ಒಳಗಿಟ್ಟು, ಕೆಳಕ್ಕೆ ಮತ್ತು ಎರಡೂ ಪಕ್ಕಕ್ಕೆ ಮೆಲ್ಲಗೆ ಒತ್ತಿ ಹಿಡಿಯಿರಿ, ಒಂದು ನಿಮಿಷ. ಎಳೆದ ಹಾಗೆ, ಸ್ವಲ್ಪ ಚುರುಗುಟ್ಟಿದ ಹಾಗೆ ಅನ್ನಿಸಬೇಕು, ನೋಯಬಾರದು. ಒಟ್ಟು ಐದು ನಿಮಿಷ. ಹೊಟ್ಟೆ ಅಡ್ಡ ಬಂದು ಕೈ ಎಟುಕದಿದ್ದರೆ, ನಿಮಗೆ ಸರಿ ಅನ್ನಿಸಿದರೆ ಗಂಡ ಮಾಡಬಹುದು. ಬಿಳಿ ಹೋಗುವುದು, ತುರಿಕೆ, ರಕ್ತ, ನೀರು ಸೋರುವುದು ಇದ್ದರೆ ಅಥವಾ ಮಾಸು ಕೆಳಗಿದ್ದರೆ ಮುಟ್ಟಬೇಡಿ.

ತವರಿಗೆ ಹೋಗುವಾಗ

ಸೀಮಂತ ಮುಗಿಸಿ ಒಂಬತ್ತರಲ್ಲಿ ತವರಿಗೆ ಬರುತ್ತಾರೆ, ಮಾರನೇ ವಾರವೇ ನೋವು, ಹೊಸ ಆಸ್ಪತ್ರೆ, ಯಾರಿಗೂ ಏನೂ ಗೊತ್ತಿಲ್ಲ. ತಂಗಿಗೆ ಹಾಗಾಗಬಾರದು ಅಂತ ನಾವು 34ನೇ ವಾರಕ್ಕೇ ಕರೆತಂದೆವು. ಹೆರಿಗೆ ಎಲ್ಲಿ ಆಗಬೇಕೋ ಅಲ್ಲಿ ಕನಿಷ್ಠ ಎರಡು ಸಲ ತೋರಿಸಿರಬೇಕು. 36ನೇ ವಾರದಲ್ಲಿ ಮಗುವಿನ ತಲೆ ಕೆಳಗಿದೆಯಾ, ರಕ್ತ ಎಷ್ಟಿದೆ ಅಂತ ಕೇಳಿ ಬರೆಸಿಕೊಳ್ಳಿ. ತೊಂದರೆ ಇರುವ ಬಸುರಿಯಾದರೆ ಮೊದಲೇ ದೊಡ್ಡ ಆಸ್ಪತ್ರೆ ಗೊತ್ತು ಮಾಡಿಕೊಳ್ಳಿ. ಮೈಸೂರಿನಲ್ಲಿ ಚೆಲುವಾಂಬ, ಮಂಡ್ಯದಲ್ಲಿ ಮಿಮ್ಸ್ ಇವೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಜೇರಿಯನ್, ಔಷಧಿ, ರಕ್ತ, ಊಟ ಎಲ್ಲ ಉಚಿತ ಅಂತ 2011ರಿಂದ ಕೇಂದ್ರದ ಯೋಜನೆ ಇದೆ, ಯಾರಾದರೂ ಕೈ ಚಾಚಿದರೆ ಇದನ್ನ ನೆನಪಿಟ್ಟುಕೊಳ್ಳಿ.

ಜೊತೆಗೆ ಯಾರು ಇರುತ್ತಾರೆ ಅನ್ನೋದನ್ನ ಈಗಲೇ ತೀರ್ಮಾನ ಮಾಡಿ. ಹೆರಿಗೆ ಕೋಣೆಯಲ್ಲಿ ಒಬ್ಬ ಹೆಂಗಸು ಜೊತೆಗಿರಬಹುದು ಅಂತ ಸರ್ಕಾರಿ ಆಸ್ಪತ್ರೆಗಳಿಗೂ 2016ರಲ್ಲೇ ಹೇಳಿದ್ದಾರೆ. ಮೊದಲ ಹೆರಿಗೆಯಲ್ಲಿ ನನ್ನ ಜೊತೆ ಯಾರನ್ನೂ ಬಿಡಲಿಲ್ಲ. ಎರಡನೇ ಸಲ ಚಿಕ್ಕಮ್ಮ ಇದ್ದರು. ಅವರು ಜಾಸ್ತಿ ಮಾತಾಡಲಿಲ್ಲ. ನೋವು ಏರಿದಾಗಲೆಲ್ಲ ಮುಷ್ಟಿ ಕಟ್ಟಿ ನನ್ನ ಸೊಂಟದ ಕೆಳಗೆ, ಬೆನ್ನುಮೂಳೆ ಮುಗಿಯುವ ಕಡೆ, ಗಟ್ಟಿಯಾಗಿ ಒತ್ತಿ ಹಿಡಿಯುತ್ತಿದ್ದರು, ನೋವು ಇಳಿದಾಗ ಬಿಡುತ್ತಿದ್ದರು. "ಉಸ್ರು ಬಿಡು ಮಗ, ಬಿಡು, ಹ್ಞೂಂ, ಹೋಯ್ತು ನೋಡು." ಆ ಒತ್ತು ಬೀಳುವಾಗ ನೋವು ಅರ್ಧ ಆದ ಹಾಗಿತ್ತು. ನಿಮ್ಮ ಜೊತೆ ಬರುವವರಿಗೆ ಈ ಒತ್ತು ಎಲ್ಲಿ ಬೀಳಬೇಕು ಅಂತ ಮನೆಯಲ್ಲೇ ಎರಡು ಸಲ ಮಾಡಿಸಿ ತೋರಿಸಿ. ಹೆದರಿಸೋ ಕಥೆ ಹೇಳುವವರನ್ನ, ಎಷ್ಟೇ ಹತ್ತಿರದವರಾದರೂ, ಹೊರಗೆ ಕೂರಿಸಿ.

ನೋವು ಬಂದ ದಿನ

ಸುಳ್ಳು ನೋವೋ ನಿಜವಾದ ನೋವೋ ನೋಡೋಕೆ ಮನೆಯಲ್ಲಿ ಜೀರಿಗೆ ಕಷಾಯ ಕೊಡುತ್ತಾರೆ. ಕುಡಿಯಿರಿ, ಆದರೆ ಅಳತೆ ಅದಲ್ಲ. ನೀರು ಕುಡಿದು, ಸ್ವಲ್ಪ ಓಡಾಡಿ, ಮಗ್ಗುಲು ಬದಲಿಸಿದರೆ ನಿಂತುಹೋದರೆ ಸುಳ್ಳು ನೋವು. ಏನು ಮಾಡಿದರೂ ಹತ್ತಿರ ಹತ್ತಿರ ಬಂದು ಜೋರಾಗುತ್ತಾ ಹೋದರೆ ನಿಜ. ಮೊದಲ ಹೆರಿಗೆಯವರು, ಬೇರೇನೂ ತೊಂದರೆ ಇಲ್ಲದವರು, ಐದು ನಿಮಿಷಕ್ಕೊಂದರಂತೆ ಒಂದೊಂದು ನಿಮಿಷದ ನೋವು ಒಂದು ಗಂಟೆ ಹೊತ್ತು ಬಂದರೆ ಹೊರಡಬೇಕು. ಹಳ್ಳಿಯಿಂದ ದೂರ ಹೋಗಬೇಕಾದವರು, ಎರಡನೇ ಹೆರಿಗೆಯವರು ಅಷ್ಟು ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಬೈಕಿನಲ್ಲಿ ಹೋಗಬೇಡಿ.

ಕೆಲವಕ್ಕೆ ನೋವು ಎಣಿಸುತ್ತಾ ಕೂರಲೇಬಾರದು. ನೀರು ಒಡೆದರೆ, ಅದರಲ್ಲೂ ಹಸಿರು ಬಣ್ಣ ಇದ್ದರೆ, ರಕ್ತ ಹೋದರೆ, ತಡೆಯಲಾಗದ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು, ಫಿಟ್ಸ್, ಜ್ವರ, ಇದರಲ್ಲಿ ಯಾವುದಿದ್ದರೂ ಆಗಲೇ ಹೊರಡಿ. ಮಗುವಿನ ಒದೆತ ಕಡಿಮೆಯಾದರೂ ಅಷ್ಟೇ. ಎಡಮಗ್ಗುಲಿಗೆ ಮಲಗಿ ಎಣಿಸಿ, ಎರಡು ಗಂಟೆಯಲ್ಲಿ ಹತ್ತು ಅಲುಗಾಟ ಸಿಗದಿದ್ದರೆ ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೋಗಿ. ಕೊನೆಯ ತಿಂಗಳು ಮಗು ಒದೆಯೋದು ಕಡಿಮೆ ಮಾಡುತ್ತೆ ಅನ್ನೋ ಮಾತು ನಂಬಬೇಡಿ.

ಆಸ್ಪತ್ರೆಯಲ್ಲಿ ಅಂಗಾತ ಮಲಗಿಕೊಂಡೇ ಇರಬೇಡಿ. ಓಡಾಡಬಹುದಾ, ನಿಲ್ಲಬಹುದಾ ಅಂತ ಸಿಸ್ಟರನ್ನ ಕೇಳಿ. ನಿಂತರೆ, ನಡೆದರೆ ಮಗು ತನ್ನ ಭಾರಕ್ಕೇ ಕೆಳಗಿಳಿಯುತ್ತದೆ. ಆಗದಿದ್ದರೆ ಪಕ್ಕಕ್ಕೆ ತಿರುಗಿ. ಬೇಡ ಅನ್ನದಿದ್ದರೆ ಗಂಜಿ, ಎಳನೀರು ಗುಟುಕು ಗುಟುಕಾಗಿ ಕುಡಿಯಿರಿ. ಗಂಟೆಗೊಂದು ಸಲ ಮೂತ್ರಕ್ಕೆ ಹೋಗಿ, ತುಂಬಿದ ಮೂತ್ರಚೀಲ ಮಗುವಿಗೆ ಅಡ್ಡ. ಗರ್ಭಕೋಶದ ಬಾಯಿ ಐದು ಸೆಂಟಿಮೀಟರ್ ತೆರೆಯೋವರೆಗೆ ತುಂಬ ಹೊತ್ತು ಹಿಡಿಯಬಹುದು, ಅಲ್ಲಿಂದ ಮುಂದೆ ಮೊದಲ ಹೆರಿಗೆಯಲ್ಲಿ ಸಾಮಾನ್ಯವಾಗಿ ಹನ್ನೆರಡು ಗಂಟೆ ಒಳಗೆ ಪೂರ್ತಿ ಹತ್ತು ಆಗುತ್ತದೆ. ಹತ್ತು ಆಗುವ ಮುಂಚೆ ಮುಕ್ಕಬೇಡಿ, ಯಾರು ಅವಸರ ಮಾಡಿದರೂ. ಶಕ್ತಿ ಉಳಿಸಿಕೊಂಡಿರಿ, ಬೇಕಾಗೋದು ಕೊನೆಯಲ್ಲಿ. ಮಗುವಿನ ತಲೆ ಕಾಣಿಸಿದಾಗ ಮುಕ್ಕೋದು ನಿಲ್ಲಿಸಿ ಸಣ್ಣ ಸಣ್ಣ ಉಸಿರು ಬಿಡಿ ಅನ್ನುತ್ತಾರೆ. ಆ ಮಾತು ಕೇಳಿದರೆ ಹರಿಯೋದು ಕಡಿಮೆ.

ಬ್ಯಾಗು 36ನೇ ವಾರಕ್ಕೇ ಬಾಗಿಲ ಹತ್ತಿರ ಇರಲಿ. ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟು, ಆಧಾರ್, ಬ್ಯಾಂಕ್ ಪಾಸ್‌ಬುಕ್, ಮುಂದೆ ಗುಂಡಿ ಇರುವ ಎರಡು ನೈಟಿ, ಪ್ಯಾಡು, ಒಗೆದು ಬಿಸಿಲಿಗೆ ಒಣಗಿಸಿದ ಹಳೇ ಪಂಚೆ ಬಟ್ಟೆ ನಾಲ್ಕು, ಫ್ಲಾಸ್ಕು. ಮಗುವಿಗೆ ಹೊಸ ಬಟ್ಟೆ ಮುಂಚೆ ತರಬಾರದು ಅಂತ ಮನೆಯಲ್ಲಿ ಹೇಳಿದರೆ ಪರವಾಗಿಲ್ಲ, ಹಳೇ ಪಂಚೆಯೇ ಮೆತ್ತಗಿರುತ್ತದೆ. ಮತ್ತೆ ಆ ಬ್ಯಾಗಿನ ಮೇಲಿನ ಜೇಬಿನಲ್ಲಿ ಕಬ್ಬಿಣದ ಮಾತ್ರೆ ಸ್ಟ್ರಿಪ್ ಒಂದು ಇಡಿ. ಹೆರಿಗೆ ಆಯ್ತು ಅಂತ ಅದು ನಿಲ್ಲಲ್ಲ, ಮಗು ಹುಟ್ಟಿದಮೇಲೂ ಇನ್ನು 180 ದಿನ ತಗೊಳ್ಳಬೇಕು. ಮನೆಗೆ ಕಳಿಸುವ ದಿನ ಸಿಸ್ಟರ್ ಹತ್ತಿರ, ಆಮೇಲೆ ನಿಮ್ಮ ಊರಿನ ಆಶಾ ಕಾರ್ಯಕರ್ತೆ ಹತ್ತಿರ ಕೇಳಿ ಇಸ್ಕೊಳ್ಳಿ.